ಎಡಕ್ಕೆ ವಾಲಿದವಳು

ಬೀದಿಯವರು ಅವಳನ್ನು ಕೊಕ್ಕರೆ ಎಂದು ಕರೆಯುತ್ತಿದ್ದರು. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ತಾನು ಕೆಲಸ ಮಾಡುತ್ತಿದ್ದ ಕನ್ನಡಕದಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳು ಒಂದು ಕಾಲು ಮಡಚಿ ಇನ್ನೊಂದರ ಮೇಲೆ ನಿಂತಿರುತ್ತಿದ್ದಳು. "ಎರಡು ಕಾಲಿಗೂ ಸಂಬಳ ಕೊಡ್ತಿದ್ದೀನಮ್ಮ, ಅದನ್ನೂ ಸ್ವಲ್ಪ ಕೆಳಗಿಡು," ಎಂದು ಅಂಗಡಿಯ ಯಜಮಾನರು ತಮಾಷೆ ಮಾಡುತ್ತಿದ್ದರು. ಸಂಜೆ ಹೊತ್ತು ಅವಳು ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಮಕ್ಕಳಿಗೆ ಬ್ಯಾಲೆ ಹೇಳಿಕೊಡುತ್ತಿದ್ದಳು. ಹಾಗಾಗಿ ಇದೂ ಅಭ್ಯಾಸವೇ ಎಂದು ಎಲ್ಲರೂ ತಿಳಿದಿದ್ದರು.

ನಿಜ ಸಂಗತಿ ಅವಳ ಅಕ್ಕನಿಗೆ ಮಾತ್ರ ಗೊತ್ತಿತ್ತು. ಅವರ ಅಮ್ಮ ನಡುವಯಸ್ಸಿನಲ್ಲಿ ನಡೆಯುವಾಗ ಎಡಕ್ಕೆ ವಾಲತೊಡಗಿದ್ದಳು. ಭುಜ ಗೋಡೆಗೆ ಉಜ್ಜಿ ಉಜ್ಜಿ ಅಂಗಿಯ ಎಡತೋಳು ಸವೆಯುತ್ತಿತ್ತು. ಕುಡಿದಿದ್ದಾಳೆ ಎಂದು ಪಕ್ಕದ ಮನೆಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆಮೇಲೆ ಮುಂದಿಟ್ಟ ಲೋಟ ಕೈಗೆ ಸಿಗದಾಯಿತು, ನಾಲಗೆ ತೊದಲಿತು, ಕೊನೆಗೆ ಹಾಸಿಗೆ ಹಿಡಿದಳು. ರಕ್ತದಲ್ಲಿ ಬರುವ ಕಾಯಿಲೆ, ಮಕ್ಕಳಿಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಕೈತೊಳೆದುಕೊಂಡರು. ಆಗಷ್ಟೇ ಬ್ಯಾಲೆಯಲ್ಲಿ ಹೆಸರು ಮಾಡತೊಡಗಿದ್ದ ಕಿರಿಮಗಳು ಅದನ್ನು ಬಿಟ್ಟು ಅಮ್ಮನ ಬಳಿ ಕೂತಳು. ಅಮ್ಮ ಹೋದ ಮೇಲೆ ಮತ್ತೆ ಗೆಜ್ಜೆಯಿಲ್ಲದ ಆ ಮೆತ್ತನೆಯ ಬೂಟುಗಳನ್ನು ಕಟ್ಟಿದ್ದು ಕುಣಿಯುವ ಆಸೆಯಿಂದಷ್ಟೇ ಅಲ್ಲ. ಬೆಳಗಾಗೆದ್ದು ಒಂಟಿಗಾಲಲ್ಲಿ ನಿಂತು, ಇವತ್ತಿಗೆ ಬಂದಿಲ್ಲ ಎಂದು ಖಾತ್ರಿ ಮಾಡಿಕೊಂಡರೇ ಅವಳ ದಿನ ಮುಂದೆ ಸಾಗುತ್ತಿದ್ದದ್ದು.

ಅಮ್ಮ ವಾಲತೊಡಗಿದ ವಯಸ್ಸು ಅವಳಿಗೂ ಬಂತು. ಆ ವರ್ಷವೇ, ಬ್ಯಾಲೆ ಕಲಿಸುವವರಿಗಾಗಿ ಹೆಸರಾಂತ ನೃತ್ಯಗಾರ್ತಿಯೊಬ್ಬರು ದೂರದ ಊರಿನ ಹಳೆಯ ರಂಗಮಂದಿರದಲ್ಲಿ ಕಾರ್ಯಾಗಾರ ನಡೆಸುತ್ತಾರೆಂದು ತಿಳಿಯಿತು.

"ಗುರುತಿಲ್ಲ, ಪರಿಚಯ ಇಲ್ಲ. ಒಬ್ಬಳೇ ಹೋಗ್ತೀಯೇನೇ?" ಎಂದಳು ಅಕ್ಕ.

"ಈಗ ಹೋಗದೆ ಇನ್ಯಾವಾಗ ಹೋಗ್ಲಿ, ಅಕ್ಕ?"

ಅಕ್ಕ ಅವಳ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ತುಂಬಿದಳು.

ಅವಳು ರೈಲಿಳಿದಾಗ ಮಧ್ಯಾಹ್ನ. ಹಿತವಾದ ಬಿಸಿಲಿದ್ದರೂ ಬೀದಿಗಳಲ್ಲಿ ಜನ ಕಡಿಮೆ. ಹಲವು ಮನೆಗಳ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿದಿದ್ದರು, ಮುರಿದ ಕೈಗೆ ದಬ್ಬೆ ಕಟ್ಟಿದ ಹಾಗೆ. ಬಾಗಿಲುಗಳ ಕೆಳ ಅಂಚನ್ನು ಓರೆಯಾಗಿ ಕೆತ್ತಿದ್ದರು. ದಾರಿ ಕೇಳಲು ಅವಳು ಹಣ್ಣಿನ ಅಂಗಡಿಯ ಮುಂದೆ ನಿಂತಳು.

"ಡ್ಯಾನ್ಸ್‌ಗೆ ಬಂದವರಾ?" ಎಂದ ಅಂಗಡಿಯವನು.

"ಹೌದು."

"ಹಳೇ ಹಾಲ್‌ನಲ್ಲೇ ಮಾಡ್ತಾರಾ?" ಎಂದವನು ಇನ್ನೇನೋ ಹೇಳಲು ಹೊರಟು, ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿ ಸುಮ್ಮನಾದ. "ನೆಟ್ಟಗೆ ಹೋಗಿ, ಸಿಗುತ್ತೆ."

ಅವಳು ಉಳಿದುಕೊಂಡದ್ದು ಒಬ್ಬ ವಿಧವೆಯ ಮನೆಯ ಮಹಡಿಯ ಕೋಣೆಯಲ್ಲಿ. ಅವಳು ಹೋದಾಗ ಮನೆಯಾಕೆ ಮೆಟ್ಟಿಲು ಗುಡಿಸುತ್ತಿದ್ದರು. ಪೊರಕೆಯ ಮುಂದೆ ಸುಣ್ಣದ ಪುಡಿ ಹಿಟ್ಟಿನಂತೆ ಗುಡ್ಡೆಯಾಗಿತ್ತು. ಕೋಣೆಯಲ್ಲಿ ಬೀರುವಿನ ಬಾಗಿಲು ಎಷ್ಟು ಸಲ ಮುಚ್ಚಿದರೂ ತಾನಾಗಿ ತೆರೆದುಕೊಳ್ಳುತ್ತಿತ್ತು.

"ಹಳೇ ಮರ ಕಣಮ್ಮ. ವಯಸ್ಸಾದವರ ಬಾಯಿ ಇದ್ದ ಹಾಗೆ, ಮುಚ್ಚಿದ್ರೆ ನಿಲ್ಲಲ್ಲ," ಎಂದು ಮನೆಯಾಕೆ ನಕ್ಕು, ಕೆಳಗೆ ಒಂದು ರಟ್ಟಿನ ಚೂರು ಸಿಕ್ಕಿಸಿ ಹೋದರು.

ರಂಗಮಂದಿರ ದೊಡ್ಡದು, ಎತ್ತರದ ಕಿಟಕಿಗಳದ್ದು. ಉದ್ದಗೋಡೆಗೆ ಹಿಡಿದುಕೊಳ್ಳಲು ಮರದ ಕಂಬಿ, ಎದುರಿಗೆ ಕನ್ನಡಿ. ಮೂಲೆಯಲ್ಲಿ ಪಿಯಾನೋ, ಅದನ್ನು ನುಡಿಸಲು ಊರಿನವರೇ ಆದ ಒಬ್ಬ ಮುದುಕ. ಅವರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಕಲಿಸುವ ಮೇಡಂ ಕಡ್ಡಿಯಂತೆ ತೆಳ್ಳಗೆ, ಮಾತೂ ಕಡ್ಡಿ ಮುರಿದ ಹಾಗೆ.

"ಕಂಬಿ ಬಿಡಿ. ಒಂಟಿಗಾಲಲ್ಲಿ ನಿಲ್ಲಿ," ಎಂದರು ಮೇಡಂ, ಯಾರು ಎಲ್ಲಿ ಕೆಲಸ ಮಾಡುವವರೆಂದು ಕೇಳಿ ಮುಗಿಸಿ.

ಅವಳು ನಿಂತಳು. ಎಡಕ್ಕೆ ವಾಲಿದಳು. ಕಾಲು ಕೆಳಗಿಟ್ಟು ಮತ್ತೆ ನಿಂತಳು. ಮತ್ತೆ ಎಡಕ್ಕೇ.

"ಕನ್ನಡಕದಂಗಡಿಯವರೇ, ಸೊಂಟ ಮನೇಲಿ ಬಿಟ್ಟು ಬಂದ್ರಾ?"

ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರಳಿ ಕೋಣೆಗೆ ಬಂದವಳೇ ಮುಖ ತೊಳೆಯುವ ಬೋಗುಣಿಯ ಮುಂದೆ ಬರಿಗಾಲಲ್ಲಿ ನಿಂತು ನೋಡಿದಳು. ಎಡಕ್ಕೆ. ಕೋಣೆಯ ಹೊರಗಿನ ಇಕ್ಕಟ್ಟಾದ ಓಣಿಯಲ್ಲಿ ನಡೆಯುವಾಗ ಭುಜ ಗೋಡೆಗೆ ಸವರಿತು. ಅವಳು ಅಲ್ಲೇ ನಿಂತು ಅಂಗಿಯ ತೋಳಿಗೆ ಹತ್ತಿದ ಸುಣ್ಣವನ್ನು ಬಹಳ ಹೊತ್ತು ಒರೆಸಿದಳು.

ಅಕ್ಕನಿಗೆ ಫೋನ್ ಮಾಡಿದಳು. "ಯಾಕೇ, ಧ್ವನಿ ಹೀಗಿದೆ?" ಎಂದಳು ಅಕ್ಕ.

"ಶೀತ ಆಗಿದೆ."

"ಬಿಸಿನೀರು ಕುಡಿ. ಊಟ ಬಿಡಬೇಡ. ಬೇರೆ ಏನಿಲ್ಲ ತಾನೇ?"

"ಏನಿಲ್ಲ ಬಿಡು," ಎಂದು ಫೋನ್ ಇಟ್ಟಳು.

ಮರುದಿನ ಇನ್ನೂ ಹೆಚ್ಚಾಯಿತು. ಅಮ್ಮನಿಗೆ ನಾನಿದ್ದೆ, ನನಗೆ ಯಾರಿದ್ದಾರೆ, ಅಕ್ಕನಿಗೇ ವಯಸ್ಸಾಯಿತು ಎಂದೆಲ್ಲ ಯೋಚಿಸುತ್ತ ಅವಳು ಹಿಂದಿನ ಸಾಲಿಗೆ ಸರಿದು ನಿಂತಳು. ಮುಂದಿನವರು ಹಾಲ್‌ನ ನಡುವಿನಿಂದ ಸುತ್ತು ಹಾಕುತ್ತ ನೇರ ಮುಂದೆ ಹೋಗಬೇಕಿತ್ತು. ಒಬ್ಬರೂ ನೇರ ಹೋಗಲಿಲ್ಲ. ಎಲ್ಲರೂ ಬುಗುರಿಗಳಂತೆ ತಿರುಗುತ್ತ ಎಡಗೋಡೆಯ ಬಳಿ ಹೋಗಿ ಗುಂಪುಗೂಡಿದರು.

"ಅಲ್ಲೇನು ಊಟ ಹಂಚ್ತಿದ್ದಾರಾ?" ಎಂದು ಮೇಡಂ ಗದರಿದರು.

ಅವಳು ಮೆಲ್ಲಗೆ ಹಿಂದಕ್ಕೆ ತಿರುಗಿ, ಕನ್ನಡಿಗೆ ಬೆನ್ನುಹಾಕಿ, ಕಾಲೆತ್ತಿ ನಿಂತಳು. ಈ ಸಲ ಬಲಕ್ಕೆ ವಾಲಿದಳು. ಇನ್ನೊಮ್ಮೆ ನಿಂತಳು. ಬಲಕ್ಕೇ. ಕಾಯಿಲೆ ಮನುಷ್ಯ ತಿರುಗಿದ ಕಡೆಗೆಲ್ಲ ಮಗ್ಗುಲು ಬದಲಿಸುವುದಿಲ್ಲ. ವಾಲಿದ್ದು ತಾನಲ್ಲ. ಅವಳ ಕಣ್ಣು ತುಂಬಿಬಂತು, ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ವರ್ಷಗಳ ಭಾರ ಒಂದೇ ಉಸಿರಿಗೆ ಇಳಿದಂತಾಯಿತು.

ಮುಂದಿನ ಉಸಿರು ಅಲ್ಲೇ ಸಿಕ್ಕಿಕೊಂಡಿತು. ತಾನಲ್ಲವಾದರೆ ವಾಲಿದ್ದು ನೆಲ.

ವಿರಾಮದಲ್ಲಿ ಅವಳು ಪಿಯಾನೋ ಬಳಿ ಹೋದಳು. ಅದರ ಎಡಗಾಲುಗಳ ಕೆಳಗೆ ಹಲಗೆ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದ್ದರು.

"ತಾತ, ಇದು ಯಾವಾಗಿಂದ?"

ತಾತ ಆ ಕಡೆ ಈ ಕಡೆ ನೋಡಿದರು. "ಹೋದ ಚಳಿಗಾಲದಲ್ಲಿ ಒಂದು ಚಕ್ಕೆ ಸಾಕಾಗ್ತಿತ್ತಮ್ಮ. ಈ ವಾರ ಮೂರು ಸಲ ಏರಿಸಿದ್ದೀನಿ. ಈ ಊರ ಕೆಳಗೆ ಉಪ್ಪಿತ್ತು. ನೀರು ಬಿಟ್ಟು ಕರಗಿಸಿ, ಕೊಳವೆ ಹಾಕಿ ಮೇಲಕ್ಕೆತ್ತಿದ್ರು. ನಮ್ಮೆಲ್ಲರ ಹೊಟ್ಟೆ ತುಂಬಿಸಿದ್ದು ಅದೇ. ಈಗ ಕೆಳಗೇನಿದೆ ಅಂತ ಯಾರೂ ಕೇಳಲ್ಲ."

"ಗೊತ್ತಿದ್ದೂ ಇಲ್ಲಿ ಕೂತು ನುಡಿಸ್ತಿದ್ದೀರಾ?"

"ನನಗೆ ಬೇರೆ ಏನು ಬರುತ್ತೆ ಹೇಳು," ಎಂದು ಅವರು ಬೆರಳು ನೀವಿಕೊಂಡರು.

ಅವಳು ನೇರ ಮೇಡಂ ಬಳಿ ಹೋಗಿ, ಹಾಲ್‌ನ ನೆಲ ವಾಲುತ್ತಿದೆ, ಎಲ್ಲರೂ ಹೊರಗೆ ಹೋಗಬೇಕೆಂದಳು. ಮೇಡಂ ಹುಬ್ಬೇರಿಸಿದರು. "ನಿಮಗೆ ಬ್ಯಾಲೆನ್ಸ್ ಇಲ್ದೇ ಇದ್ರೆ ಕಟ್ಟಡಕ್ಕೇ ಇಲ್ಲ ಅಂತೀರಲ್ಲ, ಚೆನ್ನಾಗಿದೆ." ಒಬ್ಬಿಬ್ಬರು ಕಿಸಕ್ಕೆಂದರು. ಆಗ ಅವಳು ಅಕ್ಕನ ಹೊರತು ಯಾರಿಗೂ ಹೇಳದ್ದನ್ನು ಅಪರಿಚಿತರ ಮುಂದೆ ಹೇಳಿದಳು. ಅಮ್ಮನ ಕಾಯಿಲೆ, ತನ್ನ ಹೆದರಿಕೆ, ಈ ಎರಡು ದಿನ ತಾನು ಅನುಭವಿಸಿದ್ದು, ಎಲ್ಲ.

"ನನ್ನ ಮಾತು ನಂಬಬೇಡಿ. ಕಣ್ಣು ಮುಚ್ಚಿ ನಿಂತು ನೋಡಿ. ಆಮೇಲೆ ಹಿಂದೆ ತಿರುಗಿ ನಿಂತು ನೋಡಿ."

ನಗುತ್ತಲೇ ನಿಂತರು. ಎಲ್ಲರ ಪಾದವೂ ಒಂದೇ ಕಡೆಗೆ ಧಪ್ಪೆಂದು ಬಿತ್ತು. ತಿರುಗಿದರು, ಮತ್ತೆ ಅದೇ ಗೋಡೆಯ ಕಡೆಗೆ. ನಗು ನಿಂತಿತು. ಆ ಮೌನದಲ್ಲಿ ಕೆಳಗಿನ ಕೋಣೆಯಲ್ಲಿ ಯಾರೋ ಭಾರದ ಪೆಟ್ಟಿಗೆ ಎಳೆದಂತೆ ಸದ್ದು ಕೇಳಿಸಿತು. ಆ ಹಾಲ್‌ನ ಕೆಳಗೆ ಕೋಣೆಯೇ ಇರಲಿಲ್ಲ.

"ಓಡಬೇಡಿ," ಎಂದರು ಮೇಡಂ, ತೀರಾ ಮೆಲ್ಲಗೆ. "ಕುಣಿಯೋವಾಗ ಹೇಗೆ ಹೆಜ್ಜೆ ಇಡ್ತೀರೋ ಹಾಗೆ ಹೋಗಿ. ಸದ್ದಾಗಬಾರದು."

ಮುಂಬಾಗಿಲು ಚೌಕಟ್ಟಿನಲ್ಲಿ ಬಿಗಿದುಕೊಂಡಿತ್ತು, ಎಳೆದರೆ ಅಲುಗಾಡಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಕಿಟಕಿಯಿಂದ ಒಬ್ಬೊಬ್ಬರನ್ನೇ ಇಳಿಸಿದರು. ಅವಳು ತಾತನ ಕೈ ಹಿಡಿದು ಕರೆತಂದಳು. ಅವರು ಒಮ್ಮೆ ಮಾತ್ರ ಕೈ ಬಿಡಿಸಿಕೊಂಡು ಹಿಂದೆ ಹೋಗಿ ಪಿಯಾನೋದ ಮುಚ್ಚಳ ಹಾಕಿ ಬಂದರು. ಹೊರಗೆ ಬಿಸಿಲಿತ್ತು, ಎದುರಿನ ಮನೆಗಳ ಜನ ಕಿಟಕಿಗಳಿಂದ ನೋಡುತ್ತಿದ್ದರು. ಒಬ್ಬರೂ ಏನಾಯಿತೆಂದು ಕೇಳಲಿಲ್ಲ.

ಕಾರ್ಯಾಗಾರ ಅಲ್ಲಿಗೆ ಮುಗಿಯಿತು. ಅವಳು ಊರಿಗೆ ಮರಳಿದ ವಾರದಲ್ಲೇ ಮನೆಯಾಕೆ ಫೋನ್ ಮಾಡಿದರು. ಹಾಲ್‌ನ ಹಿಂದಿನ ಗೋಡೆ ಬೆಳಗ್ಗೆ ಕುಸಿಯಿತು, ಪಿಯಾನೋ ನೆಲ ಬಾಯಿಬಿಟ್ಟ ಹಳ್ಳದೊಳಗೆ ಹೋಯಿತು, ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ ಎಂದರು. ತಾತ ಮಗಳ ಮನೆಗೆ ಹೊರಟುಹೋದರಂತೆ.

"ನೀವೂ ಹೊರಡಿ ಅಮ್ಮ," ಎಂದಳು ಅವಳು.

"ನಮ್ಮದು ನಿಂತಿದೆಯಲ್ಲ," ಎಂದರು ಆಕೆ.

ಆ ಮಾತು ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ. ಅಕ್ಕನ ಹತ್ತಿರ ಹೇಳಿದಾಗ, "ನನ್ನ ಮುಖ ಯಾಕೆ ನೋಡ್ತೀಯ, ಕರ್ಕೊಂಡು ಬಾ. ಹಾಸಿಗೆ ಒಂದು ಹೆಚ್ಚು ಹಾಕಿದ್ರಾಯ್ತು," ಎಂದಳು. ರಜೆಯ ದಿನ ಅವಳು ಮತ್ತೆ ಆ ರೈಲು ಹತ್ತಿದಳು.

ಯಾರೂ ಆಚೆ ಹೋಗದಂತೆ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಹಗ್ಗದ ಈಚೆಗೆ ಮನೆಯಾಕೆ ಅಡುಗೆಮನೆಯ ಕುರ್ಚಿ ಹಾಕಿಕೊಂಡು, ತಮ್ಮ ಮನೆಗೆ ಮುಖಮಾಡಿ ಕೂತಿದ್ದರು. ಕಾಲ ಬಳಿ ಒಂದು ಚೀಲ. ಅವಳನ್ನು ಕಂಡು ಆಶ್ಚರ್ಯಪಡಲಿಲ್ಲ, ಕುರ್ಚಿ ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟರು. ಅವಳು ಪಕ್ಕದಲ್ಲಿ ಬೀದಿಬದಿಯ ಕಲ್ಲಿನ ಅಂಚಿಗೆ ಕೂತಳು.

"ಅವರು ಉಪ್ಪಿನ ಗಣಿ ಕೆಲಸಕ್ಕೆ ಹೋಗ್ತಿದ್ರು, ನಮ್ಮ ಯಜಮಾನ್ರು," ಎಂದರು ಆಕೆ. "ಕೆಳಗಿನ ಪೊಳ್ಳು ಎಷ್ಟು ದೊಡ್ಡದಾಗಿದೆ ಅಂತ ಒಂದಿನ ಊಟಕ್ಕೆ ಕೂತಾಗ ಹೇಳಿದ್ರು. ಊರೆಲ್ಲ ಹಿಡಿಯುತ್ತೆ ಅಂದ್ರು. ನಾನು, ಊಟ ಮಾಡೋವಾಗ ಅಂಥದ್ದೆಲ್ಲ ಮಾತಾಡಬೇಡಿ ಅಂದೆ."

ಎದುರಿನ ಮನೆಯ ಮಾಡಿನಿಂದ ಒಂದು ಹೆಂಚು ಜಾರಿ, ತಡೆದು, ಮತ್ತೆ ಜಾರಿ ಕೆಳಗೆ ಬಿತ್ತು. ಗಾಳಿ ಇರಲಿಲ್ಲ.

ಮನೆಯಾಕೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ಕುರ್ಚಿಯನ್ನು ಎತ್ತಿಕೊಳ್ಳಲು ಬಗ್ಗಿ, ಬೇಡವೆಂದು ಅಲ್ಲೇ ಬಿಟ್ಟರು.

"ನಡಿಯಮ್ಮ," ಎಂದರು. "ರೈಲು ಎಷ್ಟೊತ್ತಿಗೆ?"