ಜಾಜೀಕಿಗೆ ಬಿದ್ದ ಒಗ್ಗರಣೆ

ಮೊನ್ನೆ ಭಾನುವಾರ ನಮ್ಮ ಮನೆಯ ಸ್ಮೋಕ್ ಅಲಾರ್ಮ್, ಕಾಲಿಂಗ್ ಬೆಲ್ ಎರಡೂ ಒಟ್ಟಿಗೇ ಹೊಡೆದುಕೊಂಡವು. ಬಾಗಿಲಾಚೆ ಗ್ರೀಸಿನಿಂದ ಬಂದ ಒಬ್ಬ ತಾಯಿ. ಬಾಗಿಲೀಚೆ ಮೈಸೂರಿನಿಂದ ಬಂದ ನನ್ನ ಅತ್ತೆ. ನಡುವೆ ನಾನು, ಅಲಾರ್ಮಿಗೆ ಟವೆಲ್ಲಿನಲ್ಲಿ ಗಾಳಿ ಬೀಸುತ್ತಾ.

ಆದದ್ದಿಷ್ಟು.

ನನಗೆ ಗ್ರೀಕ್ ಅಡುಗೆಯ ಹುಚ್ಚು ಹಿಡಿದಿರುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಒಂದೇ ಒಂದು ಸಲ ಗ್ರೀಸ್ ನೋಡಿ ಬಂದೆ, ಅಷ್ಟೆ. ಅಂದಿನಿಂದ ಈ ಪರದೇಶದ ನಮ್ಮ ಕ್ರಾಸ್‌ರೋಡ್ಸ್ ಅಪಾರ್ಟ್‌ಮೆಂಟಿನಲ್ಲಿ ವೀಕೆಂಡ್ ಬಂತೆಂದರೆ ಪಾಲಕ್ ತುಂಬಿದ ಪೈ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಗಂಡ ರವಿ "ಶುರುವಾಯ್ತಪ್ಪ ಗ್ರೀಕ್ ಪುರಾಣ" ಎಂದು ಗೊಣಗುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಾನೆ.

ಆದರೆ ಇದುವರೆಗೆ ಹೊಗಳಿದವರೆಲ್ಲ ಯಾರು? ಬೆಂಗಳೂರು, ಮಂಡ್ಯ, ಹಾಸನದವರು! ಅವರು ಸರ್ಟಿಫಿಕೇಟ್ ಕೊಟ್ಟರೆಷ್ಟು, ಬಿಟ್ಟರೆಷ್ಟು? ಒಬ್ಬ ಅಸಲಿ ಗ್ರೀಕ್ ಗೃಹಿಣಿ ತಿಂದು "ಇದು ನಮ್ಮದೇ" ಅನ್ನಬೇಕು. ಆಫೀಸಿನ ಗೆಳತಿ ಎಲೆನಿ ಗ್ರೀಸಿನವಳೇ. ಆದರೆ ಅವಳಿಗೆ ಅಡುಗೆಯ ಗಂಧವಿಲ್ಲ. "ನನ್ನನ್ನ ಕೇಳ್ಬೇಡ, ಅಮ್ಮನ್ನ ಕೇಳು" ಅಂದಿದ್ದಳು. ಆ ಅಮ್ಮ ಊರಿಂದ ಬಂದಿದ್ದೇ ತಡ, ಇಬ್ಬರನ್ನೂ ಊಟಕ್ಕೆ ಕರೆದೆ.

ದೊಡ್ಡ ಪರೀಕ್ಷೆ ಜಾಜೀಕಿಯದು. ಗಟ್ಟಿ ಮೊಸರು, ಸೌತೆಕಾಯಿ, ಹಸಿ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಇಷ್ಟೇ. ಇಷ್ಟೇ ಆದ್ದರಿಂದಲೇ ಕಷ್ಟ. ತಪ್ಪು ಬಚ್ಚಿಡಲು ಜಾಗವಿಲ್ಲ. (ಸಾಂಬಾರಾದರೆ ಬೇಳೆಯ ಕೆಳಗೆ ಎಷ್ಟು ಪಾಪ ಬೇಕಾದರೂ ಮುಚ್ಚಬಹುದು.) ಶನಿವಾರವೇ ಮೊಸರನ್ನು ರವಿಯ ಹಳೇ ಪಂಚೆಯಲ್ಲಿ ಕಟ್ಟಿ ಸಿಂಕಿನ ನಲ್ಲಿಗೆ ನೇತುಹಾಕಿದೆ.

"ಏನೇ ಇದು?" ಅತ್ತೆ ಕೇಳಿದರು.

"ಜಾಜೀಕಿ, ಅತ್ತೆ."

"ಜಾಜಿಕಾಯಿನಾ? ಇದ್ರಲ್ಲಿ ಜಾಜಿಕಾಯಿ ಎಲ್ಲಿದೆ?"

ವಿವರಿಸುವ ವ್ಯವಧಾನ ಯಾರಿಗಿತ್ತು?

ಭಾನುವಾರ ಎಲ್ಲ ಮುಗಿಸಿ, ತಲೆ ಬಾಚಿಕೊಳ್ಳಲು ರೂಮಿಗೆ ಹೋದೆ. ಅಡುಗೆಮನೆಯಿಂದ 'ಚುಂಯ್' ಅಂತ ಸದ್ದು. ಹಿಂದೆಯೇ ಇಂಗಿನ ಘಮ. ಅದರ ಹಿಂದೆಯೇ ಅಲಾರ್ಮು. ಓಡಿ ಬಂದರೆ, ನನ್ನ ಬೆಳ್ಳನೆಯ ಜಾಜೀಕಿಯ ಮೇಲೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ!

"ಅಯ್ಯೋ ಅತ್ತೇ! ಏನ್ಮಾಡ್ಬಿಟ್ರಿ?"

"ಮೊಸರುಬಜ್ಜಿಗೆ ಒಗ್ಗರಣೆ ಹಾಕೋದೇ ಮರ್ತಿದ್ಯಲ್ಲೇ. ಬಂದೋರು ಏನಂದ್ಕೋತಾರೆ? ನಿನ್ನ ಗ್ರೀಸ್ ಎಣ್ಣೆಲೇ ಹಾಕಿದೀನಿ ಕಣೇ, ಹೆದರ್ಬೇಡ."

(ನಾನು ಅಲ್ಲಿಂದ ಸೀರೆಯಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿಟ್ಟು ತಂದ ಆಲಿವ್ ಎಣ್ಣೆ! ಸಾಸಿವೆ ಸಿಡಿಸಲು!)

"ಅಜ್ಜೀ, ದಟ್ಸ್ ನಾಟ್ ರಾಯ್ತಾ!" ಮಗಳು ನಕ್ಕೂ ನಕ್ಕೂ ಸೋಫಾದ ಮೇಲೆ ಉರುಳಿದಳು. ನನಗೆ ಅಳುವೊಂದು ಬಾಕಿ. ಅಷ್ಟರಲ್ಲಿ ಬೆಲ್ಲು.

ಎಲೆನಿಯ ತಾಯಿಗೆ ಇಂಗ್ಲಿಷ್ ಬಾರದು. ಅತ್ತೆಗೂ ಅಷ್ಟಕ್ಕಷ್ಟೆ. ಆ ತಾಯಿ ಪಾಲಕ್ ಪೈ ತಿಂದು ಮರ್ಯಾದೆಗೆ ತಲೆದೂಗಿದರು. ಆಮೇಲೆ ಜಾಜೀಕಿ. ಒಂದು ಚಮಚ ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು. ಮಗಳಿಗೆ ಗ್ರೀಕಿನಲ್ಲಿ ಏನೋ ಹೇಳಿದರು.

"ಇದು ಜಾಜೀಕಿ ಅಲ್ಲ, ಏನಿದು ಅಂತ ಕೇಳ್ತಿದಾಳೆ" ಎಂದಳು ಎಲೆನಿ. (ಅವಳಾಡಿದ್ದು ಇಂಗ್ಲಿಷು. ಕನ್ನಡಕ್ಕೆ ತರುವಾಗ ಸ್ವಲ್ಪ ಉಪ್ಪು ಖಾರ ಸೇರಿದ್ದರೆ ಕ್ಷಮಿಸಿ.)

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅತ್ತೆಯ ಕಡೆ ಕೈ ತೋರಿಸಿದೆ.

"ಮೊಸರುಬಜ್ಜಿ" ಅಂದರು ಅತ್ತೆ, ಗಂಭೀರವಾಗಿ.

"ಮೊ-ಸ-ರು-ಬ-ಜಿ" ಅಂದರು ಆ ತಾಯಿ. ಇನ್ನೊಂದು ಚಮಚ ತಿಂದರು. ಆಮೇಲೆ ಬಟ್ಟಲನ್ನೇ ತಮ್ಮ ಹತ್ತಿರ ಎಳೆದುಕೊಂಡರು! ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. ಅದು ಎಂಥ ನೋಟವೆಂದು ಸೊಸೆಯಂದಿರಿಗೆ ಹೇಳಬೇಕಿಲ್ಲ.

ಊಟವಾದ ಮೇಲೆ ಇಬ್ಬರೂ ಕೈಸನ್ನೆಯಲ್ಲೇ ಮಾತಾಡುತ್ತಾ ಒಲೆಯ ಮುಂದೆ ನಿಂತರು. ಮತ್ತೆ ಚುಂಯ್. ಮತ್ತೆ ಅಲಾರ್ಮು. ಹೊರಡುವಾಗ ಆ ತಾಯಿಯ ಬ್ಯಾಗಿನಲ್ಲಿ ನಮ್ಮ ಮನೆಯ ಸಾಸಿವೆ, ಇಂಗು. ನನಗೆ ಸಿಗಬೇಕಿದ್ದ ಸರ್ಟಿಫಿಕೇಟ್ ಅತ್ತೆಯ ಪಾಲಾಯಿತು. ಹೊಟ್ಟೆ ಉರಿಯಲಿಲ್ಲವೇ? ಉರಿಯಿತು, ಸುಳ್ಳೇಕೆ ಹೇಳಲಿ?

ಆಮೇಲೆ ಯೋಚಿಸಿದೆ. ಅಡುಗೆ ಮಾಡಿಯೇ ಆಯಸ್ಸು ಕಳೆದ ಆ ಇಬ್ಬರಿಗೆ ರುಚಿಯಾದರೆ ಸಾಕು. 'ಅಸಲಿ, ಅಸಲಿ' ಎಂದು ಬಡಿದುಕೊಳ್ಳುವವರು ನಮ್ಮಂಥ ಹೊಸ ಭಕ್ತರೇ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ!

ನಿನ್ನೆ ಬಸ್ಸಿನಲ್ಲಿ ಎಲೆನಿ ಸಿಕ್ಕಳು. ಮುಖ ಊದಿಸಿಕೊಂಡಿದ್ದಳು.

"ನಿಮ್ಮತ್ತೆ ನಮ್ಮಮ್ಮನ ತಲೆ ಕೆಡಿಸ್ಬಿಟ್ಟಿದಾರೆ. ಅಮ್ಮ ಬಂದಾಗ ಮಾತ್ರ ನನಗೆ ಊರಿನ ಜಾಜೀಕಿ ಸಿಗೋದು. ಈಗ ಅದಕ್ಕೂ ದಿನಾ ಒಗ್ಗರಣೆ! ಅಸಲಿ ಜಾಜೀಕಿ ತಿನ್ನೋಕೆ ನಾನಿನ್ನು ಎಲ್ಲಿಗೆ ಹೋಗ್ಲಿ?"

ಅಬ್ಬಾ! ನಾನು ಕಾದಿದ್ದದ್ದು ಈ ಮಾತಿಗೇ ಅಲ್ಲವೇ?

"ನಮ್ಮನೆಗೇ ಬಾರೇ" ಅಂದೆ. "ಆದ್ರೆ ಅತ್ತೆ ವಾಕಿಂಗ್ ಹೋಗಿರೋವಾಗ ಬಾ!"