ಬಾಟಲಿಯಲ್ಲಿದ್ದದ್ದು ನನ್ನದು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್ ಆಗಿದ್ದೆ. ಆಗ ಮಾಡಿದ ಒಂದು ತಪ್ಪನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನನ್ನ ಡ್ರೈವರ್ ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಕಂಡಾಗಲೇ ಅವನ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ದಿನವಿಡೀ ಕುಳಿತೇ ಇರುವ ಕೆಲಸ, ಬಾಯಲ್ಲಿ ಬೀಡಿ, ಅಮೀನಗಡದಲ್ಲಿ ಬಸ್ ನಿಂತರೆ ಕರದಂಟು.

"ಅಣ್ಣಾ, ನೀ ಹಾರ್ನ್ ಒತ್ತಬ್ಯಾಡ, ನಿನ್ನ ಹೊಟ್ಟೀನ ಒತ್ತತೈತಿ" ಎನ್ನುತ್ತಿದ್ದೆ.

"ಮೈತುಂಬಿದಾಂವನ್ನ ನೋಡಿ ಉರಕೋತೀರಲೇ" ಎಂದು ನಗುತ್ತಿದ್ದ. ಅದು ಉಂಡು ತಿಂದು ಸುಖವಾಗಿರುವ ಮೈ ಎಂದೇ ನಾವೆಲ್ಲ ತಿಳಿದಿದ್ದೆವು.

ಒಂದು ವರ್ಷ, ಹುನಗುಂದ ಮುಟ್ಟುವಷ್ಟರಲ್ಲಿ ಎರಡೆರಡು ಸಲ ಬಸ್ ನಿಲ್ಲಿಸಿ ಬೇಲಿಯ ಮರೆಗೆ ಹೋಗತೊಡಗಿದ. "ನಾ ಉಚ್ಚಿ ಹೊಯ್ದಲ್ಲಿ ಇರವಿ ಮುತ್ತತಾವಲೇ ತಮ್ಮಾ" ಎಂದ. ಅದೇ ತಿಂಗಳು ಡ್ರೈವರುಗಳ ಆರೋಗ್ಯ ತಪಾಸಣೆ ಬಂತು. ಸಕ್ಕರೆ ಕಾಯಿಲೆ ಕಂಡರೆ ಬಸ್ ಓಡಿಸಲು ಬಿಡುವುದಿಲ್ಲ ಎಂಬ ಮಾತಿತ್ತು. ಅವನು ಮೂತ್ರ ಪರೀಕ್ಷೆಗೆಂದು ಕೊಟ್ಟಿದ್ದ ಖಾಲಿ ಬಾಟಲಿ ಹಿಡಿದು ನನ್ನನ್ನು ಗೋಡೆಯ ಹಿಂದಕ್ಕೆ ಕರೆದ.

"ಇದರಾಗ ನಿಂದು ಹಿಡದು ಕೊಡು. ಸ್ಟೇರಿಂಗ್ ಬಿಡಿಸಿದ್ರ ನಾ ಏನ್ ಕಸಾ ಹೊಡೀಲೇನು?"

ಕೊಟ್ಟೆ. ಅವನ ಮೇಲಿನ ಪ್ರೀತಿಯಿಂದ ಕೊಟ್ಟೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ, ಉಳಿದ ಡ್ರೈವರುಗಳು ನನ್ನನ್ನು ಬೈಯುತ್ತಿದ್ದರು, ಇವನು ಬೈಯುತ್ತಿರಲಿಲ್ಲ. ಇವನ ಬುತ್ತಿಯಲ್ಲಿ ಅರ್ಧ ನನಗಿರುತ್ತಿತ್ತು.

ಅವನು ಪಾಸಾದ. ಮುಂದಿನ ಅಮಾವಾಸ್ಯೆಗೆ ಅವನ ಹೆಂಡತಿ ನನ್ನನ್ನೂ ಊಟಕ್ಕೆ ಕರೆದಳು.

"ಇರವಿ ಸುದ್ದಿ ಕೇಳಿ ನಾ ಭಾಳ ಅಂಜಿದ್ದೆ ತಮ್ಮಾ. ಸಕ್ರಿ ಇಲ್ಲ ಅಂದ್ರಂತಲ್ಲ ಡಾಕ್ಟರು?"

"ಇಲ್ರಿ ವೈನಿ."

ಆಕೆ ಅವನ ತಾಟಿಗೆ ನಾಲ್ಕನೆಯ ಹೋಳಿಗೆ ಹಾಕಿ ತುಪ್ಪ ಸುರಿದಳು. ನಾನು ಪಕ್ಕದಲ್ಲಿ ಕುಳಿತು ಉಂಡೆ.

ಬೇರೆ ಡಾಕ್ಟರಿಗೆ ತೋರಿಸೆಂದು ಅವನಿಗೆ ಎರಡು ಸಲ ಹೇಳಿದೆ. "ನಾ ಪಾಸಾಗೇನಲ್ಲಲೇ" ಎಂದ.

"ಪಾಸಾದಾಂವ ನಾನು, ಅಣ್ಣಾ."

"ಹಂಗಾದ್ರ ಔಷಧಾನೂ ನೀನ ತಗೋ."

ನಾನೂ ನಕ್ಕೆ.

ಎರಡು ವರ್ಷಗಳ ಮೇಲೆ ಒಂದು ಮುಂಜಾನೆ, ಹುನಗುಂದ ದಾಟಿ ಸ್ವಲ್ಪ ದೂರ ಹೋದ ಮೇಲೆ, ಅವನು ಬಸ್ಸನ್ನು ಮೆಲ್ಲಗೆ ದಂಡೆಗೆ ತಂದು ಹ್ಯಾಂಡ್‌ಬ್ರೇಕ್ ಎಳೆದ. ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು. ಎದೆ ನೋವು ಎನ್ನಲಿಲ್ಲ. "ಯಾಕೋ ದಣದೇನಿ" ಎಂದನಷ್ಟೆ. ಯಾರೋ ಗ್ಯಾಸ್ ಎಂದರು. ನಾನೂ ಗ್ಯಾಸ್ ಎಂದೆ. ನೀರು ಕುಡಿಸಿ, ಬೆನ್ನು ತಿಕ್ಕಿ ಅರ್ಧ ತಾಸು ಕಳೆದೆವು. ಆಮೇಲೆ ಒಂದು ಲಾರಿ ನಿಲ್ಲಿಸಿ ಹುನಗುಂದಕ್ಕೆ ತಂದೆವು.

ಮಧ್ಯಾಹ್ನ ಹೆಂಡತಿ ಬರುವಷ್ಟರಲ್ಲಿ ಡಾಕ್ಟರು ಎಲ್ಲ ನೋಡಿದ್ದರು. "ಹಾರ್ಟಿಗೆ ಆಗೇತ್ರಿ. ಇಷ್ಟು ದಪ್ಪ ಮೈ, ಬೀಡಿ, ಬಿ.ಪಿ., ಅದರ ಮ್ಯಾಲೆ ಸಕ್ರಿ ಬ್ಯಾನಿ. ಸಕ್ರಿ ಇದ್ದವರಿಗೆ ಒಮ್ಮೊಮ್ಮೆ ನೋವು ಸುದ್ದಾ ಗೊತ್ತಾಗಂಗಿಲ್ಲ. ಮನ್ಯಾಗ ಏನ್ ಉಣ್ಣಾಕ ಹಾಕತಿದ್ರಿ ಇವರಿಗೆ?"

"ಸಕ್ರಿ ಇಲ್ಲ ಅಂದಿದ್ರಲ್ರಿ" ಎಂದು ಆಕೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಡಾಕ್ಟರು ಆಕೆಯದೇ ಅಲಕ್ಷ್ಯವೆಂದು ತಿಳಿದು ಮುಂದಿನ ಮಂಚಕ್ಕೆ ಹೋದರು.

ಮೂರನೆಯ ದಿನ ಅವನು ಹೋದ.

ಆಕೆಯನ್ನು ಮಾತಾಡಿಸಲು ಆಗಾಗ ಹೋಗುತ್ತಿದ್ದೆ. "ಹೋಳಿಗಿ ಉಣಿಸಿ ನಾನ ಕೊಂದ್ನಿ, ತಮ್ಮಾ" ಎನ್ನುತ್ತಿದ್ದಳು. "ಹಂಗ ಅನಬ್ಯಾಡ್ರಿ ವೈನಿ" ಎನ್ನುತ್ತಿದ್ದೆ. ಯಾಕೆ ಅನ್ನಬಾರದು ಎಂದು ಒಮ್ಮೆಯಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಆಕೆ ಕೇಳಲಿಲ್ಲ. ಚಹಾ ಕುಡಿದು ಎದ್ದು ಬರುತ್ತಿದ್ದೆ.