ದೊಡ್ಡ ಮಷಿನ್ ಮುಂದೆ ಯಾರು ಕೂರಬೇಕು

ನನ್ನ ಗಂಡನಿಗೆ ಡೆಸ್ಕ್‌ಟಾಪ್ ಕಂಪ್ಯೂಟರಿನ ಹುಚ್ಚು ಹಿಡಿದದ್ದು ನಾವು ಗೋವಾದ ಕೊರ್ತಾಲಿಮ್‌ನಲ್ಲಿ ಬಾಡಿಗೆಗೆ ಇದ್ದಾಗ. ಮನೆಯಲ್ಲಿ ಲ್ಯಾಪ್‌ಟಾಪ್ ಒಂದಿತ್ತು. ಅದು ಸಾಲದು, ಶಕ್ತಿ ಇರುವ ದೊಡ್ಡ ಮಷಿನ್ ಬೇಕೇ ಬೇಕು ಎಂದು ಇವರ ಹಟ. ಗಂಡನನ್ನು ನಾನು ‘ಇವರು’ ಎಂದೇ ಬರೆಯುತ್ತೇನೆ, ಬೇರೆ ಏನೂ ಬಾಯಿಗೆ ಬರುವುದಿಲ್ಲ. ರಜೆ ಸಿಕ್ಕರೆ ಸಾಕು, ಮಡಗಾಂವ್‌ಗೆ ಹೋಗಿ ಕಂಪ್ಯೂಟರ್ ಅಂಗಡಿಯ ಗಾಜಿನ ಮುಂದೆ ನಿಂತು ಬರುತ್ತಿದ್ದರು. ನನ್ನನ್ನು ನೋಡಲು ಬಂದಾಗ ಒಂದೇ ಸಲಕ್ಕೆ ಒಪ್ಪಿದ್ದ ಮನುಷ್ಯನಿಗೆ ಈ ಕರಿ ಡಬ್ಬಿಯನ್ನು ಎಷ್ಟು ಸಲ ನೋಡಿದರೂ ಸಮಾಧಾನವಿರಲಿಲ್ಲ.

ಇವರಿಗೆ ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕಡೆ ಪಾಳಿ ಕೆಲಸ. ಬಿಡುವಿನ ದಿನ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ವಿಜಾಪುರ, ಬಾಗಲಕೋಟೆ, ಗದಗದ ಕಡೆಯಿಂದ ಬಂದು ಗೋವಾದಲ್ಲಿ ಗೌಂಡಿ ಕೆಲಸ, ಫ್ಯಾಕ್ಟರಿ ಕೆಲಸ, ಲಾರಿ ಕೆಲಸ ಹಿಡಿದಿದ್ದ ನಮ್ಮವರ ಮದುವೆಗಳು. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಿಂದೆ ಹಾಡು ಹಾಕಿ ಡಿವಿಡಿ ಮಾಡಿಕೊಡುವುದು ನನ್ನ ಪಾಲು. ವಾಸ್ಕೋದಲ್ಲಿ ಒಂದು ಕ್ಲಾಸಿಗೆ ಹೋಗಿ ಅಷ್ಟು ಕಲಿತಿದ್ದೆ. ಲ್ಯಾಪ್‌ಟಾಪ್ ಬಂದದ್ದು ನಮ್ಮ ಮನೆ ಮಾಲೀಕರ ತಮ್ಮನಿಂದ. ಅವನು ಹಡಗಿನಲ್ಲಿ ದುಡಿಯುವವನು. ಊರಿಗೆ ಹೊಸದೊಂದು ತಂದಾಗ ಹಳೆಯದನ್ನು ನಮಗೆ ಮಾರಿದ.

ಆ ಹಳೆಯದೇ ನನ್ನ ಬದುಕು ಬದಲಿಸಿತು. ಹೇಗೆ ಅಂತ ಹೇಳುತ್ತೇನೆ.

ನಮ್ಮ ಕಡೆಯ ಮುಸ್ಲಿಂ ಮನೆಗಳ ಮದುವೆಯಲ್ಲಿ ಗಂಡಸರ ಚಪ್ಪರ ಬೇರೆ, ಹೆಂಗಸರ ಚಪ್ಪರ ಬೇರೆ. ಹಳದಿ ಹಚ್ಚುವ ದಿನವಂತೂ ಒಳಗೆ ಗಂಡಸರು ಸುಳಿಯುವಂತಿಲ್ಲ. ಹೆಂಗಸರು ಹಾಡುತ್ತಾರೆ, ಕುಣಿಯುತ್ತಾರೆ, ಬೀಗರನ್ನು ಅಣಕಿಸುತ್ತಾರೆ. ಅದನ್ನೆಲ್ಲ ತೆಗೆಯುವವರು ಯಾರು? ಒಮ್ಮೆ ಇವರು ಹೊರಗೆ ಕ್ಯಾಮೆರಾ ಹಿಡಿದು ನಿಂತಿದ್ದಾಗ ಒಳಗಿನಿಂದ ಕರೆ ಬಂತು, ‘ನಿಮ್ಮ ಹೇಣ್ತೀನ ಕಳಸ್ರಿ’ ಎಂದು. ಹೋದೆ. ಅಲ್ಲಿಂದ ಶುರುವಾಯಿತು. ಆದರೆ ಕರಾರು ಒಂದಿತ್ತು. ನಾನು ಒಳಗೆ ತೆಗೆದ ಕ್ಯಾಸೆಟ್ ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ನಾನೇ ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ ಹೋಗಬೇಕು, ಒಳಕೋಣೆಯಲ್ಲಿ ಕೂತು ಕೆಲಸ ಮುಗಿಸಬೇಕು, ಡಿವಿಡಿ ಕೈಗಿತ್ತು, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅವರ ಕಣ್ಣೆದುರೇ ಅಳಿಸಿ ಏಳಬೇಕು.

ನನಗೆ ಆ ಕೆಲಸ ಬಹಳ ಇಷ್ಟವಾಗಿತ್ತು. ಎಡಕ್ಕೊಬ್ಬಳು, ಬಲಕ್ಕೊಬ್ಬಳು ಕೂತು ‘ಇದು ಇರ್ಲಿ, ಅದು ತಗೀರಿ, ಅಯ್ಯ ನನ್ನ ಬಾಯಿ ನೋಡ್ರಿ ಎಷ್ಟ್ ದೊಡ್ಡದು’ ಎಂದು ಗದ್ದಲ ಹಾಕುವರು. ನಾನು ಗದರುತ್ತಿದ್ದೆ. ನನ್ನ ಬಾಯಿ ಮೊದಲಿನಿಂದ ಜೋರು. ಗದರಿದರೂ ಉಣ್ಣದೆ ಕಳಿಸುತ್ತಿರಲಿಲ್ಲ. ಮದುವೆಯಾಗಿ ಗೋವಾಕ್ಕೆ ಬಂದ ಮೇಲೆ ಇವರ ಹೆಂಡತಿ ಎಂದಷ್ಟೇ ಇದ್ದ ನನಗೆ ಒಂದು ಹೆಸರು ಸಿಕ್ಕಿತ್ತು: ವಿಡಿಯೋದಾಕಿ.

ಈ ಡೆಸ್ಕ್‌ಟಾಪ್ ಆ ಹೆಸರಿಗೇ ಕುತ್ತು ತರುವುದರಲ್ಲಿತ್ತು.

ಇವರ ಲೆಕ್ಕ ಹೀಗಿತ್ತು. ಬಂದರಿನ ಗೆಳೆಯನೊಬ್ಬನ ಜೊತೆ ಸೇರಿ ಕೊರ್ತಾಲಿಮ್‌ನ ಬಸ್ ನಿಲ್ಲುವ ಕಡೆ ಅಂಗಡಿ ಹಿಡಿಯುವುದು. ಅಲ್ಲಿ ದೊಡ್ಡ ಮಷಿನ್ ಇಡುವುದು. ಲ್ಯಾಪ್‌ಟಾಪನ್ನು ಮಡಗಾಂವ್‌ನ ಅಂಗಡಿಯವನಿಗೆ ಕೊಟ್ಟುಬಿಡುವುದು, ಅವನು ಹೊಸದರ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳುತ್ತಾನೆ. ಅಂಗಡಿ, ದೊಡ್ಡದು, ಚಿಕ್ಕದು ಮೂರನ್ನೂ ಇಟ್ಟುಕೊಳ್ಳುವ ತಾಕತ್ತು ನಮಗಿರಲಿಲ್ಲ.

“ಇದರಾಗ ಜೀವ ಇಲ್ಲ ನೋಡು. ದೊಡ್ಡದು ತಗೊಂಡ್ರ ಕೆಲಸ ಫಟಾಫಟ್ ಮುಗೀತಾವ,” ಅಂದರು.

“ಮುಗಸವ್ರು ಯಾರ್ರಿ?”

“ನೀನ. ಅಂಗಡಿಗೆ ಬಾ.”

“ನಿಮ್ಮ ಗೆಳ್ಯಾ, ಅವನ ತಮ್ಮಾ, ಚಾ ಕುಡ್ಯಾಕ ಬರೋ ಮಂದಿ, ಅವರ ನಡುವ ಕುಂತು ಹೆಂಗಸರ ಕ್ಯಾಸೆಟ್ ಹಚ್ಲೇನು?”

“ಅವು ಬಿಟ್ಬಿಡು. ಅಂಥಾವು ಎಷ್ಟ್ ಬರ್ತಾವ?”

ನನಗೆ ಮೈಯೆಲ್ಲ ಉರಿಯಿತು. ಎರಡೂ ಇರಲಿ ಅಂದೆ. ಇದು ಹೊತ್ತು ತಿರುಗುವುದಕ್ಕೆ, ಅದು ಕೆಲಸ ಮುಗಿಸುವುದಕ್ಕೆ. ಎರಡಾದರೆ ಅಂಗಡಿ ಇಲ್ಲ ಅಂದರು. ಹಾಗಾದರೆ ಡೆಸ್ಕ್‌ಟಾಪೇ ಬೇಡ ಅಂದೆ. ಇವರು ಅಂಗಿ ಬಿಚ್ಚಿ ಒಗೆಯಲು ಹಾಕಿದರು. ಅದಿರಿನ ಧೂಳಿಗೆ ಇವರ ಅಂಗಿಗಳೆಲ್ಲ ಕೆಂಪು. ಕುರ್ಚಿಯ ಮೇಲೆ ಕೂತು ದುಡಿಯಬೇಕು, ಸಂಜೆಗೂ ಅಂಗಿ ಬೆಳ್ಳಗಿರಬೇಕು ಎಂಬುದು ಇವರ ಆಸೆ. ಬೇರೆ ದೊಡ್ಡ ಆಸೆ ಏನೂ ಇರಲಿಲ್ಲ ಪಾಪ. ಅದು ಗೊತ್ತಿದ್ದೇ ಜಗಳವಾಡಿದೆ. ನನ್ನ ಆಸೆಯೂ ದೊಡ್ಡದೇನಲ್ಲವಲ್ಲ.

ಹೀಗೆ ಮಾತು ನಿಂತಿದ್ದಾಗ ಮಡ್ಕಯಿಯ ಒಂದು ಮನೆಯ ಕೆಲಸ ಬಂತು. ಆ ಮನೆಯ ಯಜಮಾನ ಅಲ್ಲಿನ ಫ್ಯಾಕ್ಟರಿಗಳಿಗೆ ಲಾರಿ ಓಡಿಸುವವನು. ಮದುಮಗಳ ತಾಯಿಯನ್ನು ನಾನು ಆಪಾ ಎನ್ನುತ್ತಿದ್ದೆ. ಕೊರ್ತಾಲಿಮ್‌ನಿಂದ ಮಡ್ಕಯಿಗೆ ಹೊಳೆ ದಾಟಲು ಫೆರ್ರಿ ಇದೆ. ಲ್ಯಾಪ್‌ಟಾಪಿನ ಚೀಲ ಎದೆಗವಚಿಕೊಂಡು ಕಂಬಿ ಹಿಡಿದು ನಿಂತು ದಾಟಿದೆ. ಮಗಳು ಶುಕ್ರವಾರ ಗಂಡನ ಮನೆಗೆ ಹೊರಡುವವಳಿದ್ದಳು. ಮದುವೆಗೆ ಬರಲಾಗದ ಅತ್ತೆ ಕಡೆಯ ಹೆಂಗಸರಿಗೆಲ್ಲ ತೋರಿಸಲು ಡಿವಿಡಿ ಅವಳ ಜೊತೆಗೇ ಹೋಗಬೇಕಿತ್ತು.

ಬೆಲೆಬಾಳುವ ಸಾಮಾನು ಬರಿ ನೆಲದ ಮೇಲೆ ಇಡುವುದುಂಟೇ? ಆಪಾ ಪೆಟ್ಟಿಗೆಯಿಂದ ಮಗಳಿಗೆಂದು ಹೊಲಿದ ಹೊಸ ಕೌದಿ ತೆಗೆದು ನಾಲ್ಕು ಮಡಿಕೆ ಮಾಡಿ ಹಾಸಿದರು. ಅದರ ಮೇಲೆ ನನ್ನ ಲ್ಯಾಪ್‌ಟಾಪ್ ದೊಡ್ಡ ಬೀಗರ ಹಾಗೆ ಕೂತಿತು. ಕತ್ತರಿಸಿ ಜೋಡಿಸುವ ತನಕ ಹೇಗೋ ನಡೆಯಿತು. ಎಲ್ಲ ಸೇರಿಸಿ ಒಂದು ಫಿಲ್ಮು ಮಾಡಲು ಹಚ್ಚಿದೆ ನೋಡಿ, ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿತು. ಮತ್ತೆ ಹಚ್ಚಿದೆ. ಮತ್ತೆ ಮುಚ್ಚಿತು. ಕೈಯಿಟ್ಟರೆ ರೊಟ್ಟಿ ಹಂಚಿನಷ್ಟು ಕಾವು. ಒಬ್ಬಳು ಬೀಸಣಿಗೆ ತಂದು ಮೇಲಿನಿಂದ ಗಾಳಿ ಹಾಕಿದಳು. ಆಪಾ ಹೆದರಿ ಇನ್ನೊಂದು ಮಡಿಕೆ ಕೌದಿ ಹಾಕಲೇ ಅಂದರು. ಆಗ ಹೊಳೆಯಿತು ನನಗೆ: ಉಸಿರಾಡುವ ತೂತುಗಳೆಲ್ಲ ಅದರ ಹೊಟ್ಟೆಯ ಕೆಳಗೆ, ನಾವು ಮೆತ್ತನೆ ಹಾಸಿ ಹಾಸಿ ಅದರ ಉಸಿರು ಕಟ್ಟಿಸಿದ್ದೆವು!

“ಆಪಾ, ನಿಮ್ಮ ಮರ್ಯಾದಿ ಭಾಳ ಆತ್ರಿ ಇದಕ್ಕ!” ಎಂದು ಕೌದಿ ಎಳೆದು, ಸ್ಟೀಲಿನ ವಾಟಿ ಬಟ್ಟಲುಗಳನ್ನು ಬೋರಲು ಹಾಕಿ ಅವುಗಳ ಮೇಲೆ ಇಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೆಲಸ ಮುಂದೆ ಸಾಗಿತು, ಆದರೆ ಬಸವನಹುಳುವಿನಂತೆ. ಸಂಜೆ ಫೆರ್ರಿಯ ಹೊತ್ತಾದರೂ ಅರ್ಧ ಆಗಿರಲಿಲ್ಲ. ಕ್ಯಾಸೆಟ್ ಮನೆಗೆ ಒಯ್ಯುವಂತಿಲ್ಲ. ಕೊನೆಗೆ ಕೆಲಸ ನಡೆಯುತ್ತಿದ್ದಂತೆಯೇ ಲ್ಯಾಪ್‌ಟಾಪನ್ನು ಅವರಲ್ಲಿ ಬಿಟ್ಟು ಏಳಬೇಕಾಯಿತು.

ಹೊರಡುವಾಗ ದೊಡ್ಡ ಮಷಿನ್ನಿನ ಮಾತು ಹೇಳಿದೆ. ಅಂಗಡಿ, ಗೆಳೆಯ, ಎಲ್ಲ ಹೇಳಿದೆ. ಆಪಾ ಕೌದಿ ಮಡಿಸುತ್ತ ಕೇಳಿದರು.

“ಹಂಗಾರ ನೀ ಇನ್ನ ಬರೂದಿಲ್ಲೇನ್ ತಂಗಿ?”

“ಗೊತ್ತಿಲ್ರಿ ಆಪಾ.”

“ನೀ ಬರದಿದ್ರ ನಮ್ಮ ಕಡೀದು ಯಾರೂ ತಗ್ಯಾಂಗಿಲ್ಲ. ಗಂಡಸರ ಕಡೀದಷ್ಟ ಉಳೀತದ. ಅವ್ರು ಕುಂತು ಬಿರ್ಯಾನಿ ತಿನ್ನೂದ ನೋಡಾಕ ಫಿಲಂ ಬೇಕೇನ?”

ಎಲ್ಲರೂ ನಕ್ಕರು. ಆಪಾ ನಗಲಿಲ್ಲ. ಫೆರ್ರಿಯಲ್ಲಿ ಬರಿಗೈಯಲ್ಲಿ ನಿಂತು ದಾಟುವಾಗ ನನಗೆ ಅಳು ಬಂತು. ಕೈ ಹಗುರಾಗಿದ್ದದ್ದಕ್ಕೋ, ಇನ್ನು ಹೀಗೇ ಹಗುರಾಗಿ ಇರಬೇಕಲ್ಲ ಎಂಬ ಭಯಕ್ಕೋ.

ಮರುದಿನ ನನಗೆ ಮೈ ಬಿಸಿ. ಏಳಲಾಗಲಿಲ್ಲ. ಡಿವಿಡಿಗೆ ಇಳಿಸುವುದನ್ನು ಮಗಳಿಗೆ ಮೊದಲೇ ತೋರಿಸಿಕೊಟ್ಟಿದ್ದೆ; ಫಿಲ್ಮು ಮುಗಿದಿದೆ, ಅವಳೇ ಡಿವಿಡಿ ಮಾಡಿ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದ್ದಾಳೆ ಎಂದು ಫೋನು ಬಂತು. ಲ್ಯಾಪ್‌ಟಾಪ್ ತರಲು ಇವರೇ ಹೋದರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ಬೇರೆಯಾಗಿತ್ತು. ಚೀಲವನ್ನು ಮೆಲ್ಲಗೆ ನನ್ನ ಪಕ್ಕದಲ್ಲಿಟ್ಟು ಗೋಡೆಗೆ ಒರಗಿ ಕೂತರು.

ಅಲ್ಲಿ ಒಳಗೆ ಹೆಂಗಸರೆಲ್ಲ ಸೇರಿ ಫಿಲ್ಮು ನೋಡುತ್ತಿದ್ದರಂತೆ. ಇವರನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿ, ನಡುವೆ ಪರದೆ ಎಳೆದು, ಚಹಾ ಕೊಟ್ಟರಂತೆ. ಒಳಗೆ ನಗು ಎಂದರೆ ನಗು. ಇದ್ದಕ್ಕಿದ್ದಂತೆ ನಗು ನಿಂತು ಒಬ್ಬರಾದ ಮೇಲೊಬ್ಬರು ಅಳತೊಡಗಿದರಂತೆ. ಮತ್ತೆ ನಗು.

“ಇಷ್ಟ್ ವರ್ಷ ನಾನೂ ತಗದೇನಿ. ನಂದು ನೋಡಿ ಯಾರೂ ಅತ್ತಿಲ್ಲ,” ಅಂದರು. “ಏನಿತ್ತ ಅದರಾಗ?”

“ಹೇಳಾಕ ಬರೂದಿಲ್ರಿ.”

“ನನಗೂ?”

“ನಿಮಗೂ.”

ಸಿಟ್ಟಾಗುತ್ತಾರೆ ಎಂದುಕೊಂಡೆ. ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಉಳಿದದ್ದನ್ನು ಹೇಳಿದರು. ಎದ್ದು ಹೊರಡುವಾಗ ಪರದೆಯ ಹಿಂದಿನಿಂದ ಆಪಾ ಮಾತಾಡಿಸಿದರಂತೆ. ಗಂಡಸರೊಡನೆ ಆಕೆ ಮಾತಾಡುವುದೇ ಕಡಿಮೆ.

“ದೊಡ್ಡ ಮಷಿನ್ ತಗೊಳ್ಳಾಕತ್ತೀರಂತ. ಅದರ ಮುಂದ ಯಾರ್ ಕುಂದರ್ತಾರ್ರಿ?”

“ನೀವೇನಂದ್ರಿ?” ಎಂದು ಕೇಳಿದೆ.

“ಆಕೀನ ಕುಂದರ್ತಾಳ್ರಿ ಅಂದೆ. ಅಂಗಡ್ಯಾಗಲ್ಲ, ಮನ್ಯಾಗ ಇಡ್ತೇವಿ ಅಂದೆ. ನಿಮ್ಮ ಕ್ಯಾಸೆಟ್ ಹಚ್ಚಿದಾಗ ನಾ ಒಳಗ ಇರೂದಿಲ್ಲ ಅಂದೆ.”

“ಅದಕ್ಕ ಆಪಾ?”

“ಹಂಗಾದ್ರ ಕ್ಯಾಸೆಟ್ ಹೊಳಿ ದಾಟಸಾಕ ಅಡ್ಡಿಲ್ಲ ಅಂದ್ರು. ತನ್ನ ತಂಗಿ ಮಗಳ ಮದುವೀದು ನಿನ್ನ ಕೈಯಾಗ ಕೊಡ್ತಾರಂತ.”

ಇವರು ಗೆಳೆಯನಿಗೆ ಅಂಗಡಿ ಇಲ್ಲ ಎಂದು ಹೇಳಿದ್ದು ಅದಾದ ಎರಡು ದಿನಕ್ಕೆ. ಇವರು ಹೆಂಡತಿಯ ಮಾತು ಕೇಳುವವರು ಎಂದು ಆ ಗೆಳೆಯ ಬಂದರಿನ ತುಂಬ ಹೇಳಿಕೊಂಡು ನಕ್ಕನಂತೆ. ಇವರು ಅದನ್ನು ನನಗೆ ಹೇಳಲಿಲ್ಲ. ಬೇರೆಯವರಿಂದ ಕೇಳಿದೆ. ಅಂಗಡಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಡೆಸ್ಕ್‌ಟಾಪ್ ಬಂತು, ಲ್ಯಾಪ್‌ಟಾಪ್ ಉಳಿಯಿತು.

ಆಟೋದಲ್ಲಿ ಡಬ್ಬಿಗಳನ್ನು ತಂದು ಇವರೇ ಜೋಡಿಸಿದರು. ನಮ್ಮದು ಒಂದೇ ಕೋಣೆ, ಮುಂದೊಂದು ಕಟ್ಟೆ. ಮಷಿನ್ನಿನ ಪರದೆ ಬಾಗಿಲ ಕಡೆ ಕಾಣದಂತೆ ಗೋಡೆಯ ಮೂಲೆ ಆರಿಸಿದರು. ಒಂದೊಂದು ತಂತಿಯನ್ನೂ ಒರೆಸಿ ಚುಚ್ಚಿದರು. ಗುಂಡಿ ಒತ್ತಿದರು. ಬಂದರಿನವರೊಬ್ಬರ ಮದುವೆಯ ಫಿಲ್ಮನ್ನು ಹಾಕಿ ನೋಡಿದೆವು. ಲ್ಯಾಪ್‌ಟಾಪ್ ದಿನಗಟ್ಟಲೆ ಏದುಸಿರು ಬಿಡುತ್ತಿದ್ದ ಕೆಲಸ ನಾನು ಅನ್ನ ಬಸಿಯುವುದರೊಳಗೆ ಮುಗಿದಿತ್ತು. ಇವರು ಮಗುವಿನಂತೆ ಚಪ್ಪಾಳೆ ಹೊಡೆದರು. ಇನ್ನೊಂದು ಹಾಕು, ಮತ್ತೊಂದು ಹಾಕು ಎಂದು ಕುರ್ಚಿ ಬಿಟ್ಟೇಳಲಿಲ್ಲ. ಇಷ್ಟು ಖುಷಿಯಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಬೇಸಿಗೆ ಮುಗಿಯುವ ಮೊದಲೇ ಆಪಾ ಹೇಳಿದಂತೆ ತಂಗಿ ಮಗಳ ಮದುವೆಯ ಕ್ಯಾಸೆಟ್ ಬಂತು. ಆಕೆಯೇ ಫೆರ್ರಿಯ ತನಕ ಬಂದು, ಕರವಸ್ತ್ರದಲ್ಲಿ ಸುತ್ತಿದ್ದನ್ನು ನನ್ನ ಕೈಗಿಟ್ಟು ಹೋಗಿದ್ದರು. ಅಂದು ಇವರಿಗೆ ರಜೆ. ಬೆಳಗಿನಿಂದ ಮಷಿನ್ ಮುಂದೆಯೇ ಕೂತಿದ್ದರು. ನಾನು ಒಳಗೆ ಬಂದು ಚಪ್ಪಲಿ ಬಿಟ್ಟೆ. ಕೈಯಲ್ಲಿದ್ದ ಕರವಸ್ತ್ರ ನೋಡಿದರು. ಹೇಗೆ ಹೇಳಲಿ, ಹೊಸ ಮಷಿನ್ನಿನ ಮುಂದಿನಿಂದ ಹೇಗೆ ಎಬ್ಬಿಸಲಿ ಎಂದು ನಾನು ಮಾತು ಹುಡುಕುತ್ತಿದ್ದೆ.

ಹುಡುಕಬೇಕಾಗಲಿಲ್ಲ. ಎದ್ದರು. ಕುರ್ಚಿಯನ್ನು ನನ್ನ ಎತ್ತರಕ್ಕೆ ಏರಿಸಿಟ್ಟರು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು, ಆಮೇಲೆ ಯಾರೂ ಒಳಗೆ ಬಾರದಂತೆ ತಾವೇ ಹೊರಗಿನಿಂದ ಚಿಲಕವನ್ನೂ ಹಾಕಿದರು.